ವಾಣಿವಿಲಾಸದ ನೀರಿನಲ್ಲಿ ಹಾಯಿದೋಣಿ: ಬಾಡಿಗೆ ಸುಲಭ, ಹೊಣೆ ಯಾರದು?

ಚಿತ್ರದುರ್ಗ: 1933ರಲ್ಲಿ ಮೊದಲ ಬಾರಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೊಮ್ಮೆ ಕೋಡಿ ಹರಿಯಲು 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ಮೂರನೆಯ ಬಾರಿಗೆ ಅಷ್ಟು ಕಾಲ ಹಿಡಿಯಲಿಲ್ಲ. 2025ರ ಜನವರಿಯಲ್ಲಿಯೇ ನೀರು 130 ಅಡಿಯ ಗಡಿ ದಾಟಿ ವೇದಾವತಿಯ ಪಾತ್ರಕ್ಕೆ ಧುಮುಕಿತು. ಹಿರಿಯೂರಿನ ಸುತ್ತಮುತ್ತ ಅಂದು ಬಾಗಿನದ ಸಂಭ್ರಮ; ಸೆಲ್ಫಿ ತೆಗೆದುಕೊಳ್ಳುವವರ ಜಾತ್ರೆ.

ತುಂಬಿದ ನೀರನ್ನು ಕಂಡಾಗ ದೋಣಿಯ ನೆನಪಾಗುವುದು ಸಹಜ. ಗೋವೆಗೆ ಹೋಗಿ ಮಾಂಡವಿಯ ಅಳಿವೆಯಲ್ಲಿ ಬಿಳಿಯ ಹಾಯಿ ಬಿಚ್ಚಿದ ದೋಣಿಯಲ್ಲಿ ಸಂಜೆ ಕಳೆದು ಬಂದ ಚಿತ್ರದುರ್ಗ, ಹೊಳಲ್ಕೆರೆಗಳ ಯುವಕರಿಗೆ, ಅಂತಹುದೇ ಒಂದು ದೋಣಿಯನ್ನು ಮಾರಿಕಣಿವೆಯಲ್ಲಿಯೂ ಬಾಡಿಗೆಗೆ ಪಡೆಯಬಹುದಲ್ಲವೇ ಎಂದು ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸರಳ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಬಾಡಿಗೆ ಎಷ್ಟೆಂದು ನಿಗದಿ ಮಾಡುವುದು ಕಷ್ಟವಲ್ಲ. ದಡ ಬಿಟ್ಟ ಮರುಗಳಿಗೆಯಿಂದ ದೋಣಿಯಲ್ಲಿರುವವರ ಜೀವಕ್ಕೆ ಯಾರು ಜವಾಬುದಾರರು ಎಂಬುದನ್ನು ನಿಗದಿ ಮಾಡುವುದು ಕಷ್ಟ. ಜಿಲ್ಲೆಯ ಮಟ್ಟಿಗೆ ಆ ಎರಡನೆಯ ಪ್ರಶ್ನೆ ಇತ್ಯರ್ಥವಾಗದೆ ಮೊದಲನೆಯದನ್ನು ಎತ್ತುವುದೇ ಅವಸರವಾದೀತು.

ಬೋರ್‌ವೆಲ್ ಲಾರಿಯ ಲೆಕ್ಕ

ಮಧ್ಯಮ ಗಾತ್ರದ ಪ್ರವಾಸಿ ಹಾಯಿದೋಣಿ ಎಂದರೆ ಸಾಮಾನ್ಯವಾಗಿ 35ರಿಂದ 45 ಅಡಿ ಉದ್ದದ್ದು. ಒಳಗೆ ಎರಡೋ ಮೂರೋ ಮಲಗುವ ಕೋಣೆಗಳು, ಪುಟ್ಟ ಅಡುಗೆಮನೆ, ಶೌಚಾಲಯ ಇರುತ್ತವೆ. ಆರರಿಂದ ಎಂಟು ಮಂದಿ ಒಂದು ವಾರ ಅದರಲ್ಲಿಯೇ ಉಂಡು ಮಲಗಿ ದ್ವೀಪದಿಂದ ದ್ವೀಪಕ್ಕೆ ಸಾಗಬಹುದು. ಗಾಳಿ ಬಿದ್ದಾಗ ಮತ್ತು ಬಂದರಿನೊಳಗೆ ತಿರುಗಿಸುವಾಗ ನೆರವಾಗಲು ಒಂದು ಸಣ್ಣ ಡೀಸೆಲ್ ಎಂಜಿನ್ ಇರುತ್ತದೆ. ಇಂತಹ ದೋಣಿಯನ್ನು ಹೊತ್ತಿನ ಲೆಕ್ಕದಲ್ಲಿಯೋ ವಾರದ ಲೆಕ್ಕದಲ್ಲಿಯೋ ಬಾಡಿಗೆಗೆ ಕೊಡುವುದು ಮೆಡಿಟರೇನಿಯನ್ ತೀರದ ದೇಶಗಳಲ್ಲಿ ದೊಡ್ಡ ಉದ್ಯಮ. ಅಲ್ಲಿ ಶನಿವಾರ ದೋಣಿ ಪಡೆದು ಮುಂದಿನ ಶನಿವಾರ ಒಪ್ಪಿಸುವುದು ರೂಢಿ.

ಬಾಡಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ. ಚಾಲಕನ ಸಮೇತ ಕೊಡುವುದು ಒಂದು. ಬರಿದೋಣಿ ಕೊಡುವುದು ಇನ್ನೊಂದು. ಮೊದಲನೆಯದು ಟ್ಯಾಕ್ಸಿ ಇದ್ದಂತೆ. ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ತಾಂಡೇಲ ದೋಣಿಯ ಮಾಲೀಕನ ಕಡೆಯವನು. ದಾರಿ, ಹವೆ, ಲಂಗರು ಎಲ್ಲದರ ತೀರ್ಮಾನ ಅವನದೇ. ಎರಡನೆಯದರಲ್ಲಿ ಬಾಡಿಗೆದಾರನೇ ತಾಂಡೇಲ. ದೋಣಿ ಬಂಡೆಗೆ ತಾಗಿದರೆ, ಜೊತೆಯವರು ನೀರಿಗೆ ಬಿದ್ದರೆ ಮೊದಲು ಉತ್ತರ ಹೇಳಬೇಕಾದವನು ಅವನೇ. ಹಣ ಕೊಟ್ಟದ್ದರಿಂದ ತಾನು ಗ್ರಾಹಕ ಮಾತ್ರ ಎಂದು ತಿಳಿದವನು ವಾಸ್ತವದಲ್ಲಿ ನೌಕಾಧಿಕಾರಿಯೊಬ್ಬನ ಹೊಣೆಯನ್ನು ಹೊತ್ತಿರುತ್ತಾನೆ. ಈ ವ್ಯತ್ಯಾಸ ಕರಾರುಪತ್ರದ ಒಂದೇ ಒಂದು ಸಾಲಿನಲ್ಲಿರುತ್ತದೆ. ಸಹಿ ಹಾಕುವವರಲ್ಲಿ ಹೆಚ್ಚಿನವರು ಓದದೆ ಬಿಡುವ ಸಾಲೂ ಅದೇ.

ದರದ ವಿಷಯಕ್ಕೆ ಬಂದರೆ, ಬೋರ್‌ವೆಲ್ ಕೊರೆಸಿದ ಚಿತ್ರದುರ್ಗ ಜಿಲ್ಲೆಯ ಯಾವ ರೈತನಿಗೂ ಇದು ಹೊಸ ಪಾಠವಲ್ಲ. ಲಾರಿಯವರು ಅಡಿಗೆ ಇಷ್ಟೆಂದು ಮಾತನಾಡುತ್ತಾರೆ. ಕೇಸಿಂಗ್ ಪೈಪು ಬೇರೆ, ಆಳಕ್ಕೆ ಹೋದಂತೆ ದರ ಬೇರೆ. ಕೊನೆಗೆ ಬಿಲ್ಲು ಕೈಗೆ ಬಂದಾಗ ಮೊದಲು ಆಡಿದ ಮಾತು ಎಲ್ಲೋ ಉಳಿದಿರುತ್ತದೆ. ಹಾಯಿದೋಣಿಯ ಬಾಡಿಗೆಯೂ ಇದೇ ಜಾಡಿನದು. ಮೂಲ ಬಾಡಿಗೆಯ ಮೇಲೆ ಚಾಲಕನ ದಿನಗೂಲಿ ಮತ್ತು ಊಟ, ಡೀಸೆಲ್, ಬಂದರಿನಲ್ಲಿ ಕಟ್ಟುವ ಶುಲ್ಕ, ಕೊನೆಯ ದಿನದ ಶುಚಿಗೊಳಿಸುವ ಶುಲ್ಕ ಸೇರುತ್ತವೆ. ಇವೆಲ್ಲಕ್ಕೂ ಮಿಗಿಲಾಗಿ ಹಾನಿಯ ಠೇವಣಿ ಇರುತ್ತದೆ. ದೋಣಿಯನ್ನು ಒಪ್ಪಿಸುವಾಗ ಮುಳುಗುಗಾರನೊಬ್ಬ ಅದರ ತಳವನ್ನು ನೋಡಿ ಬಂದು ಹೇಳುವ ಮಾತಿನ ಮೇಲೆ ಆ ಠೇವಣಿಯ ಗತಿ ನಿಂತಿರುತ್ತದೆ.

ಮಾರಿಕಣಿವೆಗೆ ಅದು ಒಗ್ಗೀತೇ?

ಮೈಸೂರು ಸಂಸ್ಥಾನದ ಕಾಲದಲ್ಲಿ, 1898ರಿಂದ 1907ರ ನಡುವೆ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಇದು. ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರನ್ನು ಜಲಾಶಯಕ್ಕೆ ಇಡಲಾಯಿತು. ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. ನೀರು ಕಟ್ಟೆಯಿಂದ ಹಿಂದಕ್ಕೆ ಹಬ್ಬಿ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳವರೆಗೂ ಚಾಚುತ್ತದೆ. ವಿಸ್ತಾರಕ್ಕಂತೂ ಕೊರತೆ ಇಲ್ಲ.

ಗಾಳಿಗೂ ಕೊರತೆ ಇಲ್ಲ. ಚಿತ್ರದುರ್ಗದ ಜೋಗಿಮಟ್ಟಿಯಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಈ ಬೆಟ್ಟಗಳ ಮೇಲೆ ಬೀಸುವ ಗಾಳಿಯನ್ನು ನಂಬಿಯೇ ಉದ್ಯಮಿಗಳು ಅಲ್ಲಿ ಬಂಡವಾಳ ಹೂಡಿದ್ದು. ಹಾಯಿದೋಣಿಗೆ ಬೇಕಾದ ಇಂಧನ ಬಿಟ್ಟಿಯಾಗಿ ದೊರೆಯುವ ಅಪರೂಪದ ಒಳನಾಡು ಇದು ಎಂದರೂ ಸಲ್ಲುತ್ತದೆ.

ತೊಡಕಿರುವುದು ನೀರಿನ ಕೆಳಗೆ. ಹಾಯಿಯ ಮೇಲೆ ಬೀಳುವ ಗಾಳಿಯ ಒತ್ತಡಕ್ಕೆ ದೋಣಿ ಮಗುಚದಂತೆ ಹಿಡಿದಿಡಲು ತಳದಲ್ಲಿ ಕೀಲ್ ಎಂಬ ಭಾರವಾದ ಲೋಹದ ರೆಕ್ಕೆ ಇರುತ್ತದೆ. ಹಲವು ದೋಣಿಗಳಲ್ಲಿ ಒಟ್ಟು ತೂಕದ ಸುಮಾರು ಮೂರನೇ ಒಂದು ಪಾಲು ಈ ರೆಕ್ಕೆಯದೇ. 40 ಅಡಿಯ ದೋಣಿಯಲ್ಲಿ ಅದು ನೀರಿನೊಳಗೆ ಆರೇಳು ಅಡಿ ಇಳಿದಿರುತ್ತದೆ. ಮೇಲೆ ಕೂವೆಮರ 50ರಿಂದ 60 ಅಡಿ ಎತ್ತರಕ್ಕೆ ನಿಂತಿರುತ್ತದೆ, ಹೆಚ್ಚಾಗಿ ಅಲ್ಯೂಮಿನಿಯಂನದು. ಕಟ್ಟೆಯ ಬಳಿ ಆಳ ಸಾಕಷ್ಟಿದೆ, ನಿಜ. ಹಿನ್ನೀರಿನ ಕಥೆಯೇ ಬೇರೆ. ಅಲ್ಲಿ ನೀರು ನಿಂತಿರುವುದು ಇತ್ತೀಚಿನವರೆಗೂ ಉಳುಮೆಯಾಗುತ್ತಿದ್ದ ನೆಲದ ಮೇಲೆ, ತೆಂಗು ಅಡಿಕೆಯ ತೋಟಗಳ ಮೇಲೆ. ನೀರಿನ ಮಟ್ಟದಿಂದ ಎರಡಡಿ ಕೆಳಗೆ ಬೇಲಿಯ ಕಲ್ಲುಕಂಬವಿದೆಯೋ, ಬೋರ್‌ವೆಲ್‌ನ ಕೇಸಿಂಗ್ ಇದೆಯೋ, ಮರದ ಮೋಟಿದೆಯೋ ಮೇಲಿನಿಂದ ತಿಳಿಯದು. ಅಡ್ಡಲಾಗಿ ಹಾದ ವಿದ್ಯುತ್ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ದೋಣಿ ಇಳಿಸುವ ಮುನ್ನ ಅಳೆದು ನೋಡಬೇಕು. ಸಮುದ್ರಕ್ಕಾದರೆ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಸಿದ್ಧಪಡಿಸಿದ ನೌಕಾನಕ್ಷೆಗಳಿವೆ. ನೀರಾವರಿಗೆಂದು ಕಟ್ಟಿದ ಜಲಾಶಯಕ್ಕೆ ಅಂತಹ ನಕ್ಷೆಯ ಅಗತ್ಯ ಇದುವರೆಗೆ ಯಾರಿಗೂ ಬಿದ್ದಿಲ್ಲ.

ಇನ್ನು ನೀರಿನ ಏರಿಳಿತ. ಕಳೆದ ದಶಕದ ಬರದ ವರ್ಷಗಳಲ್ಲಿ ಇದೇ ಜಲಾಶಯ ಡೆಡ್ ಸ್ಟೋರೇಜ್‌ನ ಸಮೀಪಕ್ಕೆ ಕುಸಿದಿತ್ತು. ತುಂಬಿದ ಮಟ್ಟಕ್ಕೂ ಆ ಮಟ್ಟಕ್ಕೂ ನಡುವೆ 60 ಅಡಿಗೂ ಹೆಚ್ಚಿನ ಅಂತರ. ಇಷ್ಟು ಏರಿಳಿಯುವ ನೀರಿಗೆ ಕಾಯಂ ಕಟ್ಟೆದಡ ಕಟ್ಟಿದರೆ ಒಂದು ವರ್ಷ ಅದು ಮುಳುಗುತ್ತದೆ, ಇನ್ನೊಂದು ವರ್ಷ ನೀರಿನಿಂದ ಫರ್ಲಾಂಗು ದೂರದಲ್ಲಿ ಒಣಗಿ ನಿಲ್ಲುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯಡಿ ಜಲಾಶಯಕ್ಕೆ 2 ಟಿಎಂಸಿ ಅಡಿ ನೀರು ಹಂಚಿಕೆಯಾಗಿದ್ದು, 2019ರಿಂದ ಭದ್ರೆಯ ನೀರು ಹರಿದು ಬರತೊಡಗಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದ್ದು ವಾಚಕರಿಗೆ ನೆನಪಿರಬಹುದು. ಆದರೆ ಆ ನೀರು ದೋಣಿಗಾಗಿ ಬರುವ ನೀರಲ್ಲ.

ಋತುವಿನ ಲೆಕ್ಕವೂ ವಿಚಿತ್ರವಾಗಿದೆ. ಗಾಳಿ ಬಲವಾಗಿರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಬರದ ವರ್ಷಗಳಲ್ಲಿ ಆ ಹೊತ್ತಿಗೆ ಜಲಾಶಯ ಬರಿದಾಗಿರುತ್ತದೆ. ಹಿಂಗಾರು ಸುರಿದು ನೀರು ಏರುವ ವೇಳೆಗೆ ಗಾಳಿ ತಗ್ಗಿರುತ್ತದೆ. ಗಾಳಿಯೂ ನೀರೂ ಒಟ್ಟಿಗೆ ಕೂಡಿ ಬರುವುದು ಒಳ್ಳೆಯ ಮಳೆಯ ಮರುವರ್ಷದಲ್ಲಿ ಮಾತ್ರ. ಕೂಡಿ ಬಂದಾಗಲೂ ಗುಡ್ಡದ ಇಳಿಜಾರಿನಿಂದ ಧಡಕ್ಕನೆ ಬಂದೆರಗುವ ಗಾಳಿ ಕಣಿವೆಯ ಬಾಯಲ್ಲಿ ದಿಕ್ಕು ಬದಲಿಸುತ್ತದೆ. ಕಲಿಯುವವನಿಗೆ ಅದು ಸುಲಭದ ಗುರುವಲ್ಲ.

ಸಾಗಣೆಯದೂ ಸಣ್ಣ ಮಾತಲ್ಲ. 40 ಅಡಿಯ ದೋಣಿಯ ಅಗಲ ಸುಮಾರು 13 ಅಡಿ. ಸಾಮಾನ್ಯ ಲಾರಿಯ ಅಗಲವನ್ನು ಮೀರಿದ ಈ ಹೊರೆಯನ್ನು ಕರಾವಳಿಯಿಂದ ಘಟ್ಟ ಹತ್ತಿಸಿ ಹಿರಿಯೂರಿಗೆ ತರಲು ವಿಶೇಷ ಪರವಾನಗಿ ಬೇಕು. ಗಾಳಿಯಂತ್ರದ ರೆಕ್ಕೆಗಳನ್ನು ಇದೇ ಹೆದ್ದಾರಿಗಳಲ್ಲಿ ಸಾಗಿಸಿದ ಅನುಭವ ಜಿಲ್ಲೆಗಿದೆ ಎಂಬುದೊಂದೇ ಸಮಾಧಾನ. ಆದರೂ ಅಂತಹ ದೋಣಿಯನ್ನು ನೀರಿಗಿಳಿಸುವ ಕ್ರೇನು, ಮೇಲೆತ್ತಿ ನಿಲ್ಲಿಸುವ ಅಂಗಳ, ದುರಸ್ತಿ ಬಲ್ಲ ಕೈಗಳು ಎಲ್ಲವನ್ನೂ ಹೊಸದಾಗಿಯೇ ಒದಗಿಸಬೇಕು. ಒಂದು ದೋಣಿಯ ಬಾಡಿಗೆಯಿಂದ ಅಷ್ಟೆಲ್ಲ ಹುಟ್ಟುವುದಿಲ್ಲ.

ನೀರು ಯಾರದು ಎಂಬ ಜಗಳ

ಜಲಾಶಯದ ಮೇಲೆ ದೋಣಿ ಬಿಡುವುದೆಂದರೆ ನೀರಿನ ಮಟ್ಟದ ಬಗ್ಗೆ ಇನ್ನೊಬ್ಬ ಪಾಲುದಾರನನ್ನು ಹುಟ್ಟಿಸುವುದು ಎಂದೇ ಅರ್ಥ. ಈಗಿರುವ ಪಾಲುದಾರರ ನಡುವೆಯೇ ಒಮ್ಮತವಿಲ್ಲ. 2022ರಲ್ಲಿ ನೀರು ಕೋಡಿ ಮಟ್ಟ ಮುಟ್ಟಿದಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ಜಮೀನು, ತೋಟ, ರಸ್ತೆಗಳು ಮುಳುಗಿದವು. ಕೋಡಿಯ ಎತ್ತರ ತಗ್ಗಿಸಬೇಕೆಂಬ ಕೂಗು ಆ ಭಾಗದಿಂದ ಎದ್ದಿತು. ಒಂದು ಅಡಿಯನ್ನೂ ತಗ್ಗಿಸಕೂಡದೆಂದು ಹಿರಿಯೂರಿನ ಅಚ್ಚುಕಟ್ಟಿನ ರೈತರು ಪಟ್ಟು ಹಿಡಿದರು. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯವಿದೆ. ಒಬ್ಬರಿಗೆ 130 ಅಡಿ ಎಂದರೆ ಮೂರು ತಲೆಮಾರು ಕಾದ ಭಾಗ್ಯ. ಇನ್ನೊಬ್ಬರಿಗೆ ಅದೇ 130 ಅಡಿ ಎಂದರೆ ಫಸಲಿಗೆ ಬಂದಿದ್ದ ತೋಟದ ಸಾವು.

ಇಂತಹ ನೆಲದ ಮೇಲೆ ನಿಂತ ನೀರಿನಲ್ಲಿ ಪೇಟೆಯವರ ಹಾಯಿದೋಣಿ ತೇಲಿದರೆ ಕೆಳಗೆ ತೋಟ ಕಳೆದುಕೊಂಡವನಿಗೆ ಏನನ್ನಿಸೀತು ಎಂಬುದು ಅಧಿಕಾರಿಗಳ ಕಡತದಲ್ಲಿ ದಾಖಲಾಗುವ ಸಂಗತಿಯಲ್ಲ. ಆದರೆ ದಡದಲ್ಲಿ ದೋಣಿ ಕಟ್ಟಲು ಜಾಗ ಬೇಕಾಗುವುದು ಅವನದೇ ಊರಿನಲ್ಲಿ. ತೆಪ್ಪ, ಬಲೆಗಳನ್ನೇ ನಂಬಿದ ಮೀನುಗಾರರ ಸಂಗತಿಯೂ ಇದೆ. ನೀರಿನ ಮೇಲ್ಮಟ್ಟದಲ್ಲಿ ಹರಡಿದ ಬಲೆ ಕೀಲ್‌ಗೋ ಎಂಜಿನ್ನಿನ ಪಂಕಕ್ಕೋ ಸಿಕ್ಕಿದರೆ ನಷ್ಟ ಎರಡೂ ಕಡೆಗೆ.

ಇದಲ್ಲದೆ ವಾಣಿವಿಲಾಸ ಸಾಗರ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಪಟ್ಟಣಗಳ ಕುಡಿಯುವ ನೀರಿನ ಮೂಲ. ಹೊಳಲ್ಕೆರೆಯವರು ನೆಚ್ಚಿರುವ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ಇದೇ ಬಗೆಯದು. ಹೂಳು ತುಂಬಿದ ಆ ಹಳೆಯ ಕೆರೆಯಲ್ಲಿ ಆರೇಳು ಅಡಿ ತಳವಿರುವ ದೋಣಿಯ ಮಾತನ್ನೇ ಆಡುವಂತಿಲ್ಲ. ಹಾಯಿಯಿಂದ ಚಲಿಸುವ ದೋಣಿ ಹೊಗೆ ಉಗುಳುವುದಿಲ್ಲ, ದಿಟ. ಆದರೆ ಒಳಗೆ ಶೌಚಾಲಯವಿರುವ, ಡೀಸೆಲ್ ತುಂಬಿಕೊಂಡ, ತಳಕ್ಕೆ ಪಾಚಿನಿರೋಧಕ ವಿಷಬಣ್ಣ ಬಳಿದ ದೋಣಿಯನ್ನು ಕುಡಿಯುವ ನೀರಿನ ಮೇಲೆ ಬಿಡುವ ಮುನ್ನ ಯಾವ ನಗರಸಭೆಯೂ ಎರಡು ಬಾರಿ ಯೋಚಿಸಬೇಕು.

ಎಂಜಿನ್ ಇದ್ದರೆ ಒಂದು ಕಾನೂನು, ಇಲ್ಲದಿದ್ದರೆ ಪಂಚಾಯಿತಿ

ಈಗ ಕಾನೂನಿನ ಕಡೆಗೆ. ಬ್ರಿಟಿಷರ ಕಾಲದ 1917ರ ಕಾಯಿದೆಯನ್ನು ರದ್ದುಪಡಿಸಿ ಸಂಸತ್ತು 2021ರಲ್ಲಿ ಒಳನಾಡು ನೌಕೆಗಳ ಕಾಯಿದೆಯನ್ನು ಅಂಗೀಕರಿಸಿತು. 2022ರ ಜೂನ್‌ನಲ್ಲಿ ಅದು ಜಾರಿಗೆ ಬಂತು. ನದಿ, ಕಾಲುವೆ, ಸರೋವರಗಳೆಲ್ಲ ಅದರ ವ್ಯಾಪ್ತಿಯವೇ. ಯಂತ್ರಬಲದಿಂದ ಪೂರ್ತಿಯಾಗಿಯೋ ಭಾಗಶಃವಾಗಿಯೋ ಚಲಿಸುವ ನೌಕೆಗೆ ಸಮೀಕ್ಷೆ, ನೋಂದಣಿ, ಅರ್ಹ ಸಿಬ್ಬಂದಿ, ಜೀವರಕ್ಷಕ ಸಾಧನ, ವಿಮೆ ಇವೆಲ್ಲ ಕಡ್ಡಾಯ. ಇಲ್ಲಿ ‘ಭಾಗಶಃ’ ಎಂಬ ಮಾತು ಮುಖ್ಯ. ಬಂದರಿನಲ್ಲಿ ತಿರುಗಿಸಲೆಂದು ಮಾತ್ರ ಇರುವ ಸಣ್ಣ ಎಂಜಿನ್ ಕೂಡ ಹಾಯಿದೋಣಿಯನ್ನು ಯಂತ್ರನೌಕೆಗಳ ಸಾಲಿಗೆ ಸೇರಿಸುತ್ತದೆ.

ಎಂಜಿನ್ ಇಲ್ಲದ ದೋಣಿಗೂ ಕಾಯಿದೆಯಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಅದರ ಆಡಳಿತವನ್ನು ಜಿಲ್ಲೆ, ತಾಲ್ಲೂಕು, ಗ್ರಾಮಮಟ್ಟದ ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಡುವುದು ರಾಜ್ಯ ಸರ್ಕಾರದ ಕೆಲಸ. ಅಂದರೆ ಹಿನ್ನೀರಿನ ದಡದ ಗ್ರಾಮ ಪಂಚಾಯಿತಿಯೊಂದರ ಮೇಜಿನ ಮೇಲೆ ಹರಿಗೋಲಿನಿಂದ ಹಿಡಿದು ಹಾಯಿದೋಣಿಯವರೆಗಿನ ಅರ್ಜಿ ಬಂದು ಬೀಳಬಹುದು. ನಲ್ಲಿ ನೀರು, ಬೀದಿದೀಪಗಳ ದೂರುಗಳನ್ನೇ ವಿಲೇವಾರಿ ಮಾಡಲು ಏದುಸಿರು ಬಿಡುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೂವೆಮರದ ಆಧಾರತಂತಿ ಸವೆದಿದೆಯೇ ಎಂದು ಪರೀಕ್ಷಿಸಲು ಹೇಳುವುದು ಕಾನೂನಿನ ಪ್ರಕಾರ ಸರಿಯಿರಬಹುದು, ವಾಸ್ತವಕ್ಕೆ ದೂರ.

ಇದರ ಮೇಲೆ ಅಣೆಕಟ್ಟು ಜಲಸಂಪನ್ಮೂಲ ಇಲಾಖೆಯ ಸುಪರ್ದಿನದು, ಪ್ರವಾಸಿಗಳನ್ನು ಕರೆತರುವ ಕೆಲಸ ಪ್ರವಾಸೋದ್ಯಮ ಇಲಾಖೆಯದು, ಮೀನಿನ ಹಕ್ಕಿನ ಹರಾಜು ಮೀನುಗಾರಿಕೆ ಇಲಾಖೆಯದು, ಅವಘಡವಾದರೆ ಓಡಿ ಬರಬೇಕಾದದ್ದು ಅಗ್ನಿಶಾಮಕ ದಳ ಮತ್ತು ಪೊಲೀಸರು. ವೇದಾವತಿ 2016ರ ಕಾಯಿದೆಯ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಕೇಂದ್ರದ ಒಳನಾಡು ಜಲಮಾರ್ಗ ಪ್ರಾಧಿಕಾರವನ್ನು ಕೇಳುವಂತೆಯೂ ಇಲ್ಲ. ಆರು ಕಚೇರಿಗಳ ನಡುವೆ ಹಂಚಿಹೋದ ಹೊಣೆ ಕೊನೆಗೆ ಯಾರ ಹೊಣೆಯೂ ಆಗದಿರುವ ಅಪಾಯವೇ ಹೆಚ್ಚು.

ಇದು ಬರಿಯ ಊಹೆಯಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಮುಲ್ಲಪೆರಿಯಾರ್ ಜಲಾಶಯದ ನಡುವೆ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ಅದು ಖಾಸಗಿಯವರ ಹಳೆಯ ದೋಣಿಯಾಗಿರಲಿಲ್ಲ. ಸರ್ಕಾರಿ ನಿಗಮಕ್ಕೆ ಸೇರಿದ ಎರಡಂತಸ್ತಿನ ದೋಣಿ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದವರ ದೋಣಿ ಮುಳುಗಿ 16 ಮಂದಿ ಜೀವ ಕಳೆದುಕೊಂಡರು. ಸತ್ತವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದ ಭಕ್ತರೂ ಇದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮತ್ತೆ 22 ಸಾವು. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಪ್ರವಾಸಿಗಳನ್ನು ತುಂಬಿದ್ದರೆಂಬುದು ಆಗ ಬಯಲಾಯಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿ ಸುರಕ್ಷತೆಯ ಮಾರ್ಗಸೂಚಿಯನ್ನು 2017ರಲ್ಲಿಯೇ ಹೊರಡಿಸಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಮೂರರಲ್ಲಿ ಯಾವುದೂ ಹಾಯಿದೋಣಿಯಲ್ಲ. ಕೀಲ್ ಇರುವ ಸುಸ್ಥಿತಿಯ ಹಾಯಿದೋಣಿ ಬಾಗಿದರೂ ಮತ್ತೆ ನೆಟ್ಟಗಾಗುವ ಸ್ವಭಾವದ್ದು. ಆ ಮಟ್ಟಿಗೆ ಎರಡಂತಸ್ತಿನ ವಿಹಾರದೋಣಿಗಿಂತ ಸುರಕ್ಷಿತ. ಆದರೆ ಮಿತಿ ಮೀರಿ ಜನರನ್ನು ಹತ್ತಿಸಿದಾಗ, ಜೀವರಕ್ಷಕ ಜಾಕೆಟ್ಟುಗಳನ್ನು ಮೂಟೆ ಕಟ್ಟಿ ಮೂಲೆಯಲ್ಲಿಟ್ಟಾಗ ದೋಣಿಯ ಸ್ವಭಾವ ಕೈಹಿಡಿಯುವುದಿಲ್ಲ. ಕೂರ್ಮಗಡದ ದುರಂತದಲ್ಲಿ ಒಳನಾಡಿನವರೂ ಸಿಕ್ಕಿಕೊಂಡದ್ದು ಚಿತ್ರದುರ್ಗದಂತಹ ಜಿಲ್ಲೆಗೆ ಹತ್ತಿರದ ಮಾತು. ಕೆರೆ ಬತ್ತಿದ ಊರುಗಳಲ್ಲಿ ಬೆಳೆದ ಮಕ್ಕಳಿಗೆ ಈಜು ಬರುವುದು ಅಪರೂಪ.

ಸಣ್ಣದರಿಂದ ತೊಡಗಬಹುದು

ಹಾಗಾದರೆ ಜಿಲ್ಲೆಯ ನೀರಿನಲ್ಲಿ ಹಾಯಿಗೆ ಜಾಗವೇ ಇಲ್ಲವೇ? ಇದೆ, ಆದರೆ 40 ಅಡಿಯದಕ್ಕಲ್ಲ. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿ ಎಂಟು ಅಡಿಗೂ ಕಡಿಮೆ. ದೊಡ್ಡವರು ಒಬ್ಬರೇ ನಡೆಸುವ ಲೇಸರ್ 14 ಅಡಿಯ ಆಸುಪಾಸಿನದು. ಇವುಗಳಲ್ಲಿ ಭಾರದ ಕೀಲ್ ಇಲ್ಲ; ಬೇಕಾದಾಗ ಇಳಿಸಿ, ಬೇಡವಾದಾಗ ಎತ್ತಿಕೊಳ್ಳುವ ಹಲಗೆ ಇರುತ್ತದೆ. ಎಂಜಿನ್ ಇಲ್ಲ, ಶೌಚಾಲಯವಿಲ್ಲ, ಕಟ್ಟೆದಡ ಬೇಕಿಲ್ಲ. ನೀರು ಇಳಿದರೆ ಇಬ್ಬರು ಹೊತ್ತುಕೊಂಡು ಹೋಗಿ ಇನ್ನೂ ಕೆಳಗೆ ಇಳಿಸಬಹುದು. ಮಗುಚುವುದು ಇವುಗಳಲ್ಲಿ ಪಾಠದ ಭಾಗವೇ; ಆದ್ದರಿಂದ ಎಂಜಿನ್ ಇರುವ ರಕ್ಷಣಾ ದೋಣಿಯೊಂದು ಸದಾ ಹತ್ತಿರದಲ್ಲಿರಲೇಬೇಕು.

ಕರ್ನಾಟಕಕ್ಕೆ ಇದು ಹೊಸತೂ ಅಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ಅಭ್ಯಾಸ ನಡೆಸುತ್ತ ಬಂದಿದ್ದಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಸ್ಪರ್ಧೆಗಳು ನಡೆದಿವೆ. ಅಲ್ಲಿಯ ಕ್ಲಬ್ಬಿಗೆ ಹೆಸರು ಕೊಟ್ಟ ‘ತೃಷ್ಣಾ’ ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಮಿಯನ್ನು ಸುತ್ತಿಬಂದ ದೋಣಿ. ಭಾರತೀಯರ ಮೊದಲ ಜಲಪ್ರದಕ್ಷಿಣೆ ಅದು. ಅದರ ಉದ್ದ 37 ಅಡಿ, ಅಂದರೆ ಇಂದು ಬಾಡಿಗೆಗೆ ಸಿಗುವ ಮಧ್ಯಮ ಗಾತ್ರದ್ದೇ! ಆ ಗಾತ್ರದ ದೋಣಿಗೆ ಸಮುದ್ರವೇ ಸರಿಯಾದ ಜಾಗ.

ಹೊರಗೆ ಹೋಗಿ ಬಾಡಿಗೆಗೆ ಪಡೆಯುವವರು

ಸದ್ಯಕ್ಕೆ ಇಲ್ಲಿಯವರು ದೊಡ್ಡ ಹಾಯಿದೋಣಿ ಬೇಕೆಂದರೆ ಗೋವೆಗೋ ಮುಂಬಯಿಗೋ ಹೋಗಬೇಕು. ಅಲ್ಲಿ ಚಾಲಕನ ಸಮೇತ, ಗಂಟೆಗಳ ಲೆಕ್ಕದ ವಿಹಾರವೇ ಹೆಚ್ಚು. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಸಮುದ್ರ ಹಾಯಿಗೆ ಹೇಳಿದ್ದಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೆಳಿಗ್ಗೆ ನೆಲದ ಕಡೆಯಿಂದ ಮಂದವಾದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಸಮುದ್ರದ ಗಾಳಿ. ಒಳ್ಳೆಯ ಹಾಯಿಯಾನ ಬಯಸುವವರು ಮಧ್ಯಾಹ್ನದ ಹೊತ್ತನ್ನೇ ಕೇಳಿ ಪಡೆಯುವುದು ಲೇಸು. ಇಲ್ಲದಿದ್ದರೆ ಹಾಯಿ ಮಡಚಿಕೊಂಡೇ ಎಂಜಿನ್ ಸದ್ದಿನಲ್ಲಿ ತಿರುಗಿಬಂದು ಪೂರ್ತಿ ಬಾಡಿಗೆ ತೆರಬೇಕಾಗುತ್ತದೆ.

ಮುಂಗಡ ಕೊಡುವ ಮುನ್ನ ಕೇಳಬೇಕಾದದ್ದು ಹೆಚ್ಚೇನಿಲ್ಲ. ನೋಂದಣಿ ಪತ್ರದಲ್ಲಿ ಎಷ್ಟು ಮಂದಿಗೆ ಅನುಮತಿ ಇದೆ, ವಿಮೆಯ ಅವಧಿ ಮುಗಿದಿಲ್ಲವೇ, ಚಾಲಕನ ಅರ್ಹತಾಪತ್ರ ಎಲ್ಲಿದೆ, ಹವೆ ಕೆಟ್ಟು ದೋಣಿ ಹೊರಡದಿದ್ದರೆ ಹಣದ ಗತಿಯೇನು. ಈ ಕೊನೆಯದನ್ನು ಬರವಣಿಗೆಯಲ್ಲಿ ಪಡೆಯಬೇಕು. ಹವೆ ಸರಿಯಿಲ್ಲವೆಂದು ದೋಣಿಯನ್ನು ದಡದಲ್ಲಿಯೇ ಉಳಿಸುವ ತಾಂಡೇಲನೊಂದಿಗೆ ಜಗಳಕ್ಕೆ ನಿಲ್ಲುವ ಪ್ರವಾಸಿಗರು ಕಡಿಮೆಯಿಲ್ಲ. ಹಣ ಮರಳಿ ಬರುವುದೆಂಬ ಭರವಸೆ ಕೈಯಲ್ಲಿದ್ದರೆ ಆ ಜಗಳಕ್ಕೆ ಕಾರಣವೇ ಇರದು.

ವಿದೇಶದಲ್ಲಿ ಬರಿದೋಣಿ ಬಾಡಿಗೆಗೆ ಪಡೆಯುವ ಉಮೇದು ಇರುವವರೂ ಇದ್ದಾರೆ. ಐರೋಪ್ಯ ದೇಶಗಳಲ್ಲಿ ನೆಲೆಸಿದ ಸಂಬಂಧಿಕರ ಜೊತೆ ಗ್ರೀಸ್‌ಗೋ ಕ್ರೊಯೇಷಿಯಾಕ್ಕೋ ಹೋಗುವ ಕುಟುಂಬಗಳಲ್ಲಿ ಇಂತಹ ಮಾತು ಬರುವುದುಂಟು. ಕ್ರೊಯೇಷಿಯಾದಲ್ಲಿ ಮಾನ್ಯತೆಯುಳ್ಳ ನೌಕಾಚಾಲನಾ ಪತ್ರದ ಜೊತೆಗೆ ವಿಎಚ್‌ಎಫ್ ರೇಡಿಯೋ ಬಳಕೆಯ ಪತ್ರವೂ ಬೇಕು. ಗ್ರೀಸಿನಲ್ಲಿ ಚಾಲಕನಲ್ಲದೆ ಅನುಭವಸ್ಥನಾದ ಇನ್ನೊಬ್ಬ ಸಹಾಯಕನೂ ದೋಣಿಯಲ್ಲಿರಬೇಕು. ಕಾರಿನ ಅಂತರರಾಷ್ಟ್ರೀಯ ಪರವಾನಗಿ ಇಲ್ಲಿ ಯಾವ ಪ್ರಯೋಜನಕ್ಕೂ ಬಾರದು. ಸಾಮಾನ್ಯ ಪ್ರವಾಸಿ ವಿಮೆಯ ಹಲವು ಪಾಲಿಸಿಗಳು ಸಮುದ್ರದ ಹಾಯಿಯಾನವನ್ನು ಹೊರಗಿಡುತ್ತವೆ, ಇಲ್ಲವೇ ತೀರದಿಂದ ಇಂತಿಷ್ಟು ಮೈಲಿ ಎಂದು ಮಿತಿ ಹಾಕುತ್ತವೆ. ಪತ್ರವಿಲ್ಲದವರು ದಿನಗೂಲಿಯ ಮೇಲೆ ಸ್ಥಳೀಯ ಚಾಲಕನನ್ನು ಪಡೆಯುವುದೇ ದಾರಿ. ಅದಕ್ಕಾಗಿ ಒಂದು ಕೋಣೆಯನ್ನೂ ಮೂರು ಹೊತ್ತಿನ ಊಟವನ್ನೂ ಲೆಕ್ಕದಲ್ಲಿ ಇರಿಸಿಕೊಳ್ಳಬೇಕು.

ದೇಶದೊಳಗಿನ ಬಾಡಿಗೆಯಲ್ಲಿ ಮೋಸವಾದರೆ ಗೋವೆಯ ಕಚೇರಿಗಳಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಸೇವೆಗೆ ತೆತ್ತ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದ ವ್ಯಾಪ್ತಿಗೇ ಬರುತ್ತದೆ. ಹೊಸದುರ್ಗದವರಾಗಲಿ ಹೊಳಲ್ಕೆರೆಯವರಾಗಲಿ ಚಿತ್ರದುರ್ಗಕ್ಕೆ ಬಂದರೆ ಸಾಕು. ರಸೀದಿ ಮತ್ತು ಸಹಿಯಾದ ಕರಾರುಪತ್ರ ಜೊತೆಯಲ್ಲಿರಬೇಕು.

ಇತ್ತ ವಾಣಿವಿಲಾಸದ ಮಟ್ಟಿಗೆ, ದೋಣಿ ಕೊಳ್ಳುವ ಯೋಜನೆಗಿಂತ ಮೊದಲು ಆಗಬೇಕಾದ ಕೆಲಸ ಎರಡಿವೆ. ಹಿನ್ನೀರಿನ ತಳದ ಅಳತೆ ಒಂದು. ಯಂತ್ರರಹಿತ ದೋಣಿಗಳಿಗೆ ಜಿಲ್ಲೆಯಲ್ಲಿ ಅನುಮತಿ ಕೊಡುವ, ಪರಿಶೀಲಿಸುವ, ಬೇಡವೆಂದು ತಡೆಯುವ ಅಧಿಕಾರಿ ಯಾರೆಂದು ಹೆಸರಿಸಿ ದಡದಲ್ಲಿ ಫಲಕ ಹಾಕುವುದು ಇನ್ನೊಂದು. ಎರಡನೆಯದಕ್ಕೆ ಕೋಟಿಗಳ ಅನುದಾನ ಬೇಕಾಗಿಲ್ಲ. ಹಿನ್ನೀರಿನ ಮೀನುಗಾರರ ಹರಿಗೋಲುಗಳಿಗೂ ಅದು ಅನ್ವಯಿಸುತ್ತದೆ.